ಅಡುಗೆಮನೆಗೆ ಯಾವ ಪಾತ್ರೆ? ಕಲಾಯಿಯಿಂದ ನಾನ್‌ಸ್ಟಿಕ್‌ವರೆಗೆ

ಮೈಸೂರು: ಯಾದವಗಿರಿ, ಒಂಟಿಕೊಪ್ಪಲಿನಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಅಟ್ಟ ಸೇರಿದ್ದ ಪಾತ್ರೆಗಳು ಈಚಿನ ವರ್ಷಗಳಲ್ಲಿ ಮತ್ತೆ ಕೆಳಗಿಳಿಯುತ್ತಿವೆ. ಅಜ್ಜಿಯ ಕಾಲದ ಹಿತ್ತಾಳೆ ಕೊಳಗ, ತಾಮ್ರದ ತಂಬಿಗೆ, ಕಂಚಿನ ಬೋಗುಣಿ, ಸಾರಿಗೆಂದೇ ಇಟ್ಟಿದ್ದ ಈಯದ ಚೊಂಬು ಇವೆಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಒಲೆಯ ಮೇಲಿಡುವ ಉತ್ಸಾಹ ರಾಜ್ಯದ ಎಲ್ಲ ನಗರಗಳಲ್ಲೂ ಕಾಣುತ್ತಿದೆ. ನಾನ್‌ಸ್ಟಿಕ್ ಬಾಣಲೆಯ ಲೇಪ ಕಿತ್ತುಬರುತ್ತಿರುವುದನ್ನು ಕಂಡು ಹೆದರಿದವರು, ಅಲ್ಯೂಮಿನಿಯಂ ಪಾತ್ರೆ ಮರೆವಿನ ರೋಗ ತರುತ್ತದೆಂಬ ಮಾತು ಕೇಳಿದವರು ಹಳೆಯದೇ ಕ್ಷೇಮವೆಂಬ ನಿರ್ಧಾರಕ್ಕೆ ಬರುವುದು ಸಹಜ. ಆದರೆ ಹಳೆಯದೆಲ್ಲ ಕ್ಷೇಮವೂ ಅಲ್ಲ, ಹೊಸದೆಲ್ಲ ವಿಷವೂ ಅಲ್ಲ. ಅಟ್ಟ ಸೇರಿದ್ದ ಆ ಪಾತ್ರೆಗಳಲ್ಲಿ ಒಂದು ಬಗೆಯವು, ಸರಿಯಾಗಿ ಬಳಸದಿದ್ದಾಗ, ಈ ದೇಶದ ಅಸಂಖ್ಯಾತ ಹಸುಗೂಸುಗಳ ಯಕೃತ್ತಿಗೆ ಮುಳುವಾಗಿದ್ದವು ಎಂಬುದು ಇಂದಿನ ಪೀಳಿಗೆಗೆ ಮರೆತೇಹೋಗಿದೆ.

ಯಾದವಗಿರಿಯ ಮಗ್ಗುಲಲ್ಲೇ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ಆಹಾರದ ಕಲಬೆರಕೆಯ ವ್ಯಾಜ್ಯಗಳಲ್ಲಿ ಮೇಲ್ಮನವಿ ಪರೀಕ್ಷೆ ನಡೆಸುವ ದೇಶದ ಕೆಲವೇ ಪ್ರಯೋಗಾಲಯಗಳಲ್ಲಿ ಒಂದು ಇಲ್ಲಿಯದು. ಬೇಳೆಯ ಬಣ್ಣ, ಎಣ್ಣೆಯ ಕಲಬೆರಕೆ, ಮೆಣಸಿನಪುಡಿಯ ಇಟ್ಟಿಗೆಪುಡಿಗಳ ಬಗೆಗೆ ಮೈಸೂರಿಗರು ಹೀಗೆ ಬೇರೆ ಊರಿನವರಿಗಿಂತ ಹೆಚ್ಚು ಕೇಳಿ ಬಲ್ಲವರು. ಆದರೆ ಬೇಳೆ ಬೇಯುವ ಪಾತ್ರೆಯೂ ಒಂದಿಷ್ಟು ಅನ್ನದೊಳಕ್ಕೆ ಇಳಿಯುತ್ತದೆಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಯಾವ ಪಾತ್ರೆಯೂ ಸಂಪೂರ್ಣ ನಿರ್ಲಿಪ್ತವಲ್ಲ. ಎಷ್ಟು ಇಳಿಯುತ್ತದೆ ಎಂಬುದು ಲೋಹವನ್ನಷ್ಟೇ ಅವಲಂಬಿಸಿಲ್ಲ. ಹುಣಸೆಹಣ್ಣು, ನಿಂಬೆ, ಟೊಮೇಟೊ, ಮೊಸರುಗಳ ಹುಳಿ ಲೋಹವನ್ನು ಕರಗಿಸುತ್ತದೆ. ಉಪ್ಪು ಅದಕ್ಕೆ ಜೊತೆಗೂಡುತ್ತದೆ. ಬಿಸಿ ಅದರ ವೇಗ ಹೆಚ್ಚಿಸುತ್ತದೆ. ಕಾಲ ಉಳಿದ ಕೆಲಸ ಮುಗಿಸುತ್ತದೆ. ಆದ್ದರಿಂದ ಒಂದೇ ಪಾತ್ರೆಯಲ್ಲಿ ಅನ್ನ ಮಾಡುವುದು ನಿರಪಾಯ, ಪುಳಿಯೋಗರೆ ಗೊಜ್ಜು ಕುದಿಸುವುದು ಅಪಾಯ ಎಂದಾಗಬಹುದು. ದಕ್ಷಿಣ ಕರ್ನಾಟಕದ ಅಡುಗೆ ಹುಳಿ ಪ್ರಧಾನವಾದುದರಿಂದ ಪಾತ್ರೆಯ ಪ್ರಶ್ನೆ ಇಲ್ಲಿ ರೊಟ್ಟಿ-ಪಲ್ಯದ ನಾಡಿಗಿಂತ ಸ್ವಲ್ಪ ಹೆಚ್ಚೇ ಮುಖ್ಯವಾಗುತ್ತದೆ.

ಕಿಲುಬು ಮತ್ತು ಹಸುಗೂಸಿನ ಹಾಲು

ತಾಮ್ರ ದೇಹಕ್ಕೆ ಬೇಕಾದ ಲೋಹವೇ. ಆದರೆ ಬೇಕಾದದ್ದು ಅತ್ಯಲ್ಪ. ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆ (ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಣ) ಪಾತ್ರೆಯಲ್ಲಿ ಮಜ್ಜಿಗೆಯನ್ನೋ ಹುಳಿಯನ್ನೋ ಇಟ್ಟರೆ ಅದು ಕಿಲುಬುತ್ತದೆ, ಹಸಿರು ಬಣ್ಣಕ್ಕೆ ತಿರುಗಿ ಬಾಯಿಗಿಟ್ಟರೆ ವಾಕರಿಕೆ ತರುತ್ತದೆ ಎಂಬುದು ಹಳೆಯ ಕಾಲದ ಗೃಹಿಣಿಯರಿಗೆಲ್ಲ ತಿಳಿದಿತ್ತು. ಕಿಲುಬಿದ್ದನ್ನು ಉಂಡರೆ ವಾಂತಿ, ಹೊಟ್ಟೆನೋವು. ಇದು ಕಣ್ಣಿಗೆ, ನಾಲಿಗೆಗೆ ಕೂಡಲೇ ಸಿಕ್ಕಿಬೀಳುವ ಅಪಾಯ. ಅಷ್ಟರಮಟ್ಟಿಗೆ ಇದು ಪ್ರಾಮಾಣಿಕ ವಿಷ ಎನ್ನಬಹುದು.

ಕಣ್ಣಿಗೆ ಬೀಳದ ಅಪಾಯವೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಭಾರತದ ವೈದ್ಯರು ಒಂದು ವಿಚಿತ್ರ ರೋಗವನ್ನು ಗುರುತಿಸುತ್ತ ಬಂದಿದ್ದರು. ವರ್ಷ, ಎರಡು ವರ್ಷದ ಕೂಸುಗಳ ಹೊಟ್ಟೆ ಉಬ್ಬಿ, ಯಕೃತ್ತು ಗಟ್ಟಿಯಾಗಿ, ಕಾಮಾಲೆ ಕಾಣಿಸಿಕೊಂಡು ಕೆಲವೇ ತಿಂಗಳಲ್ಲಿ ಮಗು ತೀರಿಕೊಳ್ಳುತ್ತಿತ್ತು. ಒಂದೇ ಮನೆಯಲ್ಲಿ ಒಂದರ ಹಿಂದೊಂದು ಮಗುವಿಗೆ ಬರುತ್ತಿದ್ದುದೂ ಉಂಟು. ‘ಭಾರತೀಯ ಬಾಲ ಸಿರೋಸಿಸ್’ ಎಂದು ವೈದ್ಯಶಾಸ್ತ್ರ ಹೆಸರಿಟ್ಟ ಈ ರೋಗ ಕಡುಬಡವರಲ್ಲಿ ಹೆಚ್ಚಾಗಿ ಕಾಣದೆ, ಹಸುವಿನ ಹಾಲನ್ನು ಕೊಳ್ಳಬಲ್ಲ, ಹಿತ್ತಾಳೆ ಪಾತ್ರೆ ಇಟ್ಟುಕೊಳ್ಳಬಲ್ಲ ಮಧ್ಯಮ ವರ್ಗದ ಮನೆಗಳಲ್ಲೇ ಹೆಚ್ಚಾಗಿ ಕಾಣಿಸುತ್ತಿದ್ದುದು ಒಂದು ಒಗಟಾಗಿತ್ತು. ಮದರಾಸಿನ ‘ಜಮ್ಮಿ ಲಿವರ್ ಕ್ಯೂರ್’ ಎಂಬ ಔಷಧಿಯ ಹೆಸರು ದಕ್ಷಿಣದ ಮನೆಮನೆಗೂ ಪರಿಚಿತವಾದದ್ದು ಮಕ್ಕಳ ಯಕೃತ್ತಿನ ಈ ಭಯದಿಂದಲೇ.

ಸತ್ತ ಮಕ್ಕಳ ಯಕೃತ್ತಿನಲ್ಲಿ ತಾಮ್ರ ಅಪಾರ ಪ್ರಮಾಣದಲ್ಲಿ ಶೇಖರವಾಗಿರುವುದು ಪತ್ತೆಯಾದ ಮೇಲೆ ಒಗಟು ಬಿಡಿಸಿಕೊಳ್ಳತೊಡಗಿತು. ಪುಣೆಯ ಮಕ್ಕಳ ವೈದ್ಯರಾದ ಆನಂದ ಪಂಡಿತ್, ಶೀಲಾ ಭಾವೆ ಮತ್ತು ಬ್ರಿಟನ್ನಿನ ಸ್ಟೂವರ್ಟ್ ಟ್ಯಾನರ್ ಮೊದಲಾದವರು 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಬೆರಳು ತೋರಿಸಿದ್ದು ಅಡುಗೆಮನೆಯ ಕಡೆಗೆ. ಎದೆಹಾಲಿಗೆ ಬದಲಾಗಿ, ಬಹಳ ಬೇಗನೆ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿ ಅದರಲ್ಲೇ ಇಟ್ಟ ಪ್ರಾಣಿಯ ಹಾಲನ್ನು ಕುಡಿಸಿದ ಮಕ್ಕಳಲ್ಲಿ ರೋಗ ಹೆಚ್ಚಾಗಿತ್ತು. ಹಾಲಿನ ಕೇಸೀನ್ ಎಂಬ ಪ್ರೋಟೀನು ತಾಮ್ರವನ್ನು ಸೆಳೆದು ಹಿಡಿದುಕೊಳ್ಳುತ್ತದೆ. ಹಾಲು ಹುಳಿಯಲ್ಲದ್ದರಿಂದ ಕಿಲುಬುವುದಿಲ್ಲ, ಬಣ್ಣ ಬದಲಾಗುವುದಿಲ್ಲ, ರುಚಿ ಕೆಡುವುದಿಲ್ಲ. ಯಾರಿಗೂ ಅನುಮಾನ ಬರುವುದಿಲ್ಲ. ಎಳೆಯ ಮಗುವಿನ ಯಕೃತ್ತಿಗೆ ತಾಮ್ರವನ್ನು ಹೊರಹಾಕುವ ಶಕ್ತಿ ಇನ್ನೂ ಪೂರ್ಣವಾಗಿ ಬಂದಿರುವುದಿಲ್ಲ. ಆನುವಂಶಿಕ ಕಾರಣವೂ ಇದಕ್ಕೆ ಸೇರಿದ್ದಿರಬಹುದೆಂಬ ವಾದವಿದೆ. ಅದೇನೇ ಇರಲಿ, ಮನೆಗಳಿಗೆ ಸ್ಟೀಲು ಮತ್ತು ಅಲ್ಯೂಮಿನಿಯಂ ಬಂದು ಹಿತ್ತಾಳೆ ಅಟ್ಟ ಸೇರಿದ ದಶಕಗಳಲ್ಲೇ ಈ ರೋಗ ಆಸ್ಪತ್ರೆಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಹಳೆಯ ಬಟ್ಟೆ, ಹಳೆಯ ಹಿತ್ತಾಳೆ ಕೊಟ್ಟು ಸ್ಟೀಲು ಡಬರಿ ಕೊಂಡ ತಾಯಂದಿರು ತಮಗೆ ಅರಿವಿಲ್ಲದೆಯೇ ಮಕ್ಕಳ ಜೀವ ಉಳಿಸಿದರು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ‘ಸಾಂಪ್ರದಾಯಿಕ’ ಎಂಬ ಹೆಸರಿನಲ್ಲಿ ಇಂದು ಮಾರಾಟವಾಗುತ್ತಿರುವ ಹಿತ್ತಾಳೆ ಪಾತ್ರೆಗಳಲ್ಲಿ ಹಲವಕ್ಕೆ ಒಳಗೆ ಕಲಾಯಿಯೇ ಇರುವುದಿಲ್ಲ. ಥಳಥಳಿಸುವ ಹಳದಿ ಬಣ್ಣ ಒಳಗೂ ಕಾಣಬೇಕೆಂಬುದು ಕೊಳ್ಳುವವರ ಆಸೆ. 1955ರ ಆಹಾರ ಕಲಬೆರಕೆ ತಡೆ ನಿಯಮಗಳಲ್ಲೇ, ಸರಿಯಾಗಿ ಕಲಾಯಿ ಮಾಡದ ತಾಮ್ರ ಅಥವಾ ಹಿತ್ತಾಳೆ ಪಾತ್ರೆಯಲ್ಲಿ ತಯಾರಿಸಿದ ಆಹಾರ ಮನುಷ್ಯರ ಬಳಕೆಗೆ ಅನರ್ಹವೆಂದು ಹೇಳಲಾಗಿತ್ತು. ತುಕ್ಕು ಹಿಡಿದ ಡಬ್ಬ, ಎನಾಮಲ್ ಚಕ್ಕೆ ಎದ್ದ ಪಾತ್ರೆಗಳೂ ಅದೇ ಪಟ್ಟಿಯಲ್ಲಿದ್ದವು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಬಂದ ಮೇಲೆ 2011ರ ನಿಯಮಗಳಲ್ಲೂ ಅದನ್ನೇ ಮುಂದುವರಿಸಲಾಯಿತು. ಈ ಕಾನೂನು ಆಹಾರ ಮಾರುವವರಿಗೆ ಅನ್ವಯಿಸುತ್ತದೆಯೇ ಹೊರತು ಮನೆಯ ಅಡುಗೆಗಲ್ಲ. ಆದರೆ ಹೋಟೆಲಿನ ಗಿರಾಕಿಗೆ ಸಲ್ಲದ ಪಾತ್ರೆ ಮನೆಯ ಮಗುವಿಗೆ ಸಲ್ಲುವುದಾದರೂ ಹೇಗೆ?

ರಾತ್ರಿ ತಾಮ್ರದ ತಂಬಿಗೆಯಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುವುದು ಬೇರೆಯೇ ಮಾತು. ಹಾಗಿಟ್ಟ ನೀರಿನಲ್ಲಿ ಕೆಲವು ಬ್ಯಾಕ್ಟೀರಿಯಾ ಸಾಯುತ್ತವೆಂಬುದು ಪ್ರಯೋಗದಿಂದ ಸಿದ್ಧಪಟ್ಟಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗಿನ ತಾಮ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುತ್ತದೆ. ಶುದ್ಧ ನೀರು ಮಾತ್ರ, ಒಂದು ರಾತ್ರಿ ಮಾತ್ರ ಎಂದಿಟ್ಟುಕೊಂಡರೆ ದೊಡ್ಡವರಿಗೆ ತೊಂದರೆಯಿಲ್ಲ. ನಿಂಬೆರಸ, ಜೇನು, ಪಾನಕಗಳನ್ನು ಅದರಲ್ಲಿ ಇಡಬಾರದು. ಹಸುಗೂಸಿನ ಹಾಲಿನ ಪುಡಿ ಕಲೆಸಲು ಆ ನೀರನ್ನು ಬಳಸಲೇಬಾರದು.

ತವರವೋ, ಸೀಸವೋ?

ಕಲಾಯಿ ಎಂದರೆ ಪಾತ್ರೆಯ ಒಳಮೈಗೆ ತವರದ ತೆಳುವಾದ ಲೇಪ. ಪಾತ್ರೆಯನ್ನು ಉಜ್ಜಿ, ಇದ್ದಲ ಒಲೆಯ ಮೇಲೆ ತಿದಿಯೂದಿ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ತಾಕಿಸಿ ಹತ್ತಿಯಿಂದ ಒಳಗೆಲ್ಲ ಸವರಿದರೆ ಕ್ಷಣಾರ್ಧದಲ್ಲಿ ಹಳದಿ ಹೋಗಿ ಬೆಳ್ಳಿಯ ಹೊಳಪು ಬರುತ್ತದೆ. ಬೀದಿಯಲ್ಲಿ ಕಲಾಯಿಯವರ ಕೂಗು ಕೇಳುತ್ತಿದ್ದ ದಿನಗಳಲ್ಲಿ ಮಕ್ಕಳಿಗೆ ಇದೊಂದು ಇಂದ್ರಜಾಲ. ತವರ ಹೊಟ್ಟೆಗೆ ಹೋದರೂ ದೇಹ ಅದನ್ನು ಬಹುಪಾಲು ಹೀರಿಕೊಳ್ಳುವುದಿಲ್ಲ. ಹುಳಿಗೂ ಅದು ಸುಲಭವಾಗಿ ಜಗ್ಗುವುದಿಲ್ಲ.

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರಿನಂಶವಿರುವ ಅಡುಗೆ 100 ಡಿಗ್ರಿಯ ಸುಮಾರಿನಲ್ಲೇ ಕುದಿಯುವುದರಿಂದ ಹುಳಿ, ಸಾರು, ಪಾಯಸಕ್ಕೆ ಕಲಾಯಿ ಪಾತ್ರೆ ಸೂಕ್ತ. ಒಗ್ಗರಣೆ, ಕರಿಯುವುದು, ಮೈಸೂರುಪಾಕಿಗೆ ತುಪ್ಪ ಕಾಯಿಸುವುದು ಇದರಲ್ಲಿ ಸಲ್ಲದು. ಬರಿಯ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಕಲಾಯಿ ಹರಿದು ಗುಳ್ಳೆಯಾಗುತ್ತದೆ. ತಳದಲ್ಲಿ ಕೆಂಪೋ ಹಳದಿಯೋ ಇಣುಕಿದಾಗ ಮತ್ತೆ ಕಲಾಯಿ ಹಾಕಿಸಬೇಕು. ಉಕ್ಕಿನ ನಾರಿನಿಂದ ಉಜ್ಜಿದರೆ ಆ ದಿನ ಬೇಗ ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ತೊಡಕು ಇರುವುದು ತವರದ ಬೆಲೆಯಲ್ಲಿ. ತವರ ದುಬಾರಿ, ಸೀಸ ಅಗ್ಗ. ಎರಡೂ ಬೆಳ್ಳಗೆ ಹೊಳೆಯುತ್ತವೆ, ಎರಡೂ ಮೆತ್ತಗೆ ಬಾಗುತ್ತವೆ, ಬೆರೆಸಿದರೆ ಇನ್ನೂ ಕಡಿಮೆ ಶಾಖಕ್ಕೆ ಕರಗಿ ಕೆಲಸ ಸುಲಭವಾಗುತ್ತದೆ. ವಿದ್ಯುತ್ ಉಪಕರಣಗಳ ಬೆಸುಗೆಗೆ ಬಳಸುವ ಸಾಲ್ಡರ್ ಈ ಮಿಶ್ರಣವೇ. ಅದನ್ನೇ ಪಾತ್ರೆಗೆ ಸವರಿದರೆ ಕಣ್ಣಿಗೆ ವ್ಯತ್ಯಾಸ ಕಾಣದು. ಭಾಷೆಯೂ ಈ ಗೊಂದಲಕ್ಕೆ ನೆರವಾಗಿದೆ. ತಮಿಳಿನಲ್ಲಿ ‘ಈಯಂ’ ಎಂಬ ಒಂದೇ ಪದಕ್ಕೆ ‘ವೆಳ್ಳೀಯಂ’ ಎಂದರೆ ತವರ, ‘ಕಾರೀಯಂ’ ಎಂದರೆ ಸೀಸ ಎಂಬ ಎರಡು ಕವಲುಗಳಿವೆ. ಮೈಸೂರಿನ ಅನೇಕ ಮನೆಗಳಲ್ಲಿ ಸಾರಿಗೆ ಇಡುವ ಈಯದ ಚೊಂಬು ಶುದ್ಧ ತವರದ್ದಾಗಿರಬೇಕು. ಅದರಲ್ಲಿ ಸಾರು ಬಲು ಸೊಗಸಾಗುತ್ತದೆಂಬುದು ಅದನ್ನು ಬಳಸುವವರ ಅನುಭವ. ಆದರೆ ಸೀಸ ಬೆರೆತಿದ್ದರೂ ಸಾರು ಸೊಗಸಾಗಿಯೇ ಇರುತ್ತದೆ. ಸೀಸದ ಲವಣಗಳಿಗೆ ಸಿಹಿಯ ಎಳೆಯಿರುವುದೇ ಅದರ ಮೋಸ.

ಮನೆಯಲ್ಲೇ ಮಾಡಬಹುದಾದ ಒಂದು ಒರಟು ಪರೀಕ್ಷೆಯುಂಟು. ಚೊಂಬನ್ನು ತೂಗಿ, ನೀರು ತುಂಬಿದ ಪಾತ್ರೆಯಲ್ಲಿ ಪೂರ್ತಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಅಳೆಯಬೇಕು. ಗ್ರಾಂ ತೂಕವನ್ನು ಮಿಲಿಲೀಟರ್ ನೀರಿನಿಂದ ಭಾಗಿಸಿದಾಗ ಶುದ್ಧ ತವರಕ್ಕೆ 7.3 ಬರುತ್ತದೆ, ಅರ್ಧಕ್ಕರ್ಧ ಸೀಸ ಬೆರೆತಿದ್ದರೆ 8.9ರ ಸುಮಾರು. ಅಳತೆಯಲ್ಲಿ ತುಸು ಹೆಚ್ಚುಕಡಿಮೆ ಆಗುವುದರಿಂದ ನೂರಕ್ಕೆ ಐದೋ ಹತ್ತೋ ಪಾಲಿನ ಸೀಸ ಇದರಲ್ಲಿ ತಪ್ಪಿಸಿಕೊಂಡುಬಿಡುತ್ತದೆ. ದೊಡ್ಡ ಮೋಸವನ್ನು ಹಿಡಿಯಲು ಸಾಕು. ‘ಶುದ್ಧ’ ಎಂಬ ಪ್ರಮಾಣಪತ್ರಕ್ಕೆ ಸಾಲದು. ಲೋಹದ ಮೇಲೆ ಎಕ್ಸ್-ಕಿರಣ ಹಾಯಿಸಿ ಒಳಗಿನ ಧಾತುಗಳನ್ನು ಓದುವ ಯಂತ್ರಗಳು ಪ್ರಯೋಗಾಲಯಗಳಲ್ಲಿವೆ. ಬಹುತೇಕ ಚಿನ್ನದ ಅಂಗಡಿಗಳಲ್ಲಿ ಒಡವೆಯ ಕ್ಯಾರೆಟ್ ನೋಡುವುದೂ ಇಂಥದೇ ಯಂತ್ರದಿಂದ.

ಸೀಸದ ಬಗೆಗೆ ಕರ್ನಾಟಕಕ್ಕೆ ತನ್ನದೇ ಆದ ಇತಿಹಾಸವಿದೆ. ಬೆಂಗಳೂರಿನ ಜಾರ್ಜ್ ಫೌಂಡೇಷನ್ 1990ರ ದಶಕದ ಕೊನೆಯಲ್ಲಿ ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷಬಾಧೆ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಅವರ ಮುಂದಾಳ್ತನದಲ್ಲಿ ಅಲ್ಲಿ ಸೀಸದ ವಿಷಬಾಧೆಗೆ ರಾಷ್ಟ್ರೀಯ ಕೇಂದ್ರವೊಂದು ರೂಪುಗೊಂಡಿತು. ಪೆಟ್ರೋಲು ಶುದ್ಧವಾದ ಮೇಲೆ ಉಳಿದ ಮೂಲಗಳತ್ತ, ಅಂದರೆ ಬಣ್ಣ, ಹಳೆಯ ಬ್ಯಾಟರಿ, ಬಣ್ಣ ಕಟ್ಟಿದ ಅರಿಸಿನ, ಪಾತ್ರೆಗಳತ್ತ ಗಮನ ಹರಿದಿದೆ.

ಸೀಸಕ್ಕೆ ಇಷ್ಟರವರೆಗೆ ನಿರಪಾಯ ಎಂಬ ಮಿತಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಬುದ್ಧಿಮತ್ತೆ, ಏಕಾಗ್ರತೆ ಕುಗ್ಗುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡ ಸೊರಗುತ್ತದೆ. ಮೂಳೆಯೊಳಗೆ ಕುಳಿತ ಸೀಸ ಗರ್ಭಾವಸ್ಥೆಯಲ್ಲಿ ಮತ್ತೆ ರಕ್ತಕ್ಕಿಳಿದು ಹುಟ್ಟದ ಕೂಸನ್ನೂ ಮುಟ್ಟಬಲ್ಲದು.

ಅಮೆರಿಕದ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯ ಅಧಿಕಾರಿಗಳು ಅಲ್ಲಿಗೆ ಬಂದ ಆಫ್ಘನ್ ನಿರಾಶ್ರಿತ ಮಕ್ಕಳ ರಕ್ತದಲ್ಲಿ ಹೆಚ್ಚಿನ ಸೀಸ ಕಂಡು ಬೆನ್ನುಹತ್ತಿದಾಗ ಸಿಕ್ಕಿದ್ದು ಅವರು ಜೊತೆಗೆ ತಂದಿದ್ದ ಅಲ್ಯೂಮಿನಿಯಂ ಪ್ರೆಷರ್ ಕುಕ್ಕರುಗಳು. 2025ರ ಆಗಸ್ಟಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಆಮದಾದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಮತ್ತು ಹಿಂಡಾಲಿಯಂ ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯುತ್ತಿದೆಯೆಂದು ಎಚ್ಚರಿಸಿತು. ಅವುಗಳಲ್ಲಿ ಭಾರತದಲ್ಲಿ ತಯಾರಾದದ್ದೂ ಇತ್ತು. ಊರಿಗೆ ಬಂದು ಹೋಗುವಾಗ ಪೆಟ್ಟಿಗೆಯಲ್ಲಿ ಬಾಣಲೆ, ಕೊಳಗ ತುಂಬಿಕೊಂಡು ಹೋಗುವ ಅನಿವಾಸಿ ಕನ್ನಡಿಗರಿಗೆ ಇದು ಗೊತ್ತಿರಬೇಕಾದ ಸಂಗತಿ.

ಅಲ್ಯೂಮಿನಿಯಂ: ಆರೋಪ ಒಂದು, ತಪ್ಪು ಇನ್ನೊಂದು

ಮೇಲಿನ ಎರಡೂ ಪ್ರಕರಣಗಳಲ್ಲಿ ತಪ್ಪಿತಸ್ಥ ಅಲ್ಯೂಮಿನಿಯಂ ಅಲ್ಲ, ಅದರೊಳಗೆ ಬೆರೆತ ಗುಜರಿ. ಹಳೆಯ ಎಂಜಿನ್ ಭಾಗ, ತಂತಿ, ಡಬ್ಬಗಳನ್ನು ಕರಗಿಸಿ ಎರಕ ಹೊಯ್ದ ಪಾತ್ರೆಯಲ್ಲಿ ಸೀಸವೂ ಕ್ಯಾಡ್ಮಿಯಮ್ಮೂ ಸೇರಿರಬಹುದು. ಸಂತೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಅಗ್ಗವಾಗಿ ಸಿಗುವ, ಹೆಸರು-ಗುರುತಿಲ್ಲದ, ಒರಟು ಮೈಯ ಎರಕದ ಪಾತ್ರೆಯನ್ನು ದೂರವಿಡಲು ಇದೊಂದೇ ಕಾರಣ ಸಾಕು.

ಮರೆವಿನ ರೋಗದ ಆರೋಪ ಬೇರೆ. ಅಲ್ಝೈಮರ್ ಪೀಡಿತರ ಮಿದುಳಿನಲ್ಲಿ ಅಲ್ಯೂಮಿನಿಯಂ ಕಂಡಿತೆಂಬ 1970ರ ದಶಕದ ವರದಿಗಳಿಂದ ಹುಟ್ಟಿದ ಅನುಮಾನ ಅದು. ಪಾತ್ರೆಯಿಂದ ಆ ರೋಗ ಬರುತ್ತದೆಂಬುದು ಇಂದಿಗೂ ಸಾಬೀತಾಗಿಲ್ಲ. ಆಹಾರದ ಮೂಲಕ ವಾರಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 2 ಮಿಲಿಗ್ರಾಂ ಅಲ್ಯೂಮಿನಿಯಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಎಫ್‌ಎಒ ತಜ್ಞರ ಸಮಿತಿ 2011ರಲ್ಲಿ ನಿಗದಿ ಮಾಡಿತು. ಅನ್ನ, ಬೇಳೆ ಬೇಯಿಸಿ ಕೂಡಲೇ ತೆಗೆದರೆ ಆ ಮಿತಿ ಮುಟ್ಟುವುದು ಕಷ್ಟ. ಹುಣಸೆಹುಳಿ ಹಾಕಿದ ಸಾರನ್ನು ಅದರಲ್ಲೇ ಕುದಿಸಿ, ಅದರಲ್ಲೇ ರಾತ್ರಿಯೆಲ್ಲ ಇಟ್ಟು, ಮರುದಿನ ಅದರಲ್ಲೇ ಬಿಸಿಮಾಡುವ ಅಭ್ಯಾಸ ಮಾತ್ರ ಬಿಡತಕ್ಕದ್ದು. ಮೂತ್ರಪಿಂಡದ ಕಾಯಿಲೆ ಇರುವವರು ಇನ್ನೂ ಎಚ್ಚರದಿಂದಿರಬೇಕು, ಏಕೆಂದರೆ ದೇಹಕ್ಕೆ ಹೊಕ್ಕ ಅಲ್ಯೂಮಿನಿಯಂ ಹೊರಬೀಳುವುದು ಆ ದಾರಿಯಿಂದಲೇ. ವಿದ್ಯುತ್ ಹಾಯಿಸಿ ಮೇಲ್ಮೈಯನ್ನು ಗಟ್ಟಿಗೊಳಿಸಿದ ಕಪ್ಪುಬಣ್ಣದ ಆನೊಡೈಸ್ಡ್ ಪಾತ್ರೆ, ಆ ಪದರ ಸವೆಯದಿರುವಷ್ಟು ಕಾಲ, ಹುಳಿಗೆ ಹೆಚ್ಚು ತಡೆಯುತ್ತದೆ. ಕುಕ್ಕರಿನಲ್ಲಿ ಸ್ಟೀಲಿನ ಒಳಪಾತ್ರೆ ಇಟ್ಟು ಬೇಯಿಸಿದರೆ ಈ ಚರ್ಚೆಯೇ ಬೇಡ.

ಸ್ಟೀಲು ಕೊಳ್ಳುವಾಗ ಆಯಸ್ಕಾಂತ

ದಿನಬಳಕೆಗೆ, ಅದರಲ್ಲೂ ಹುಳಿ ಪದಾರ್ಥಕ್ಕೆ, ಸ್ಟೇನ್‌ಲೆಸ್ ಸ್ಟೀಲೇ ಹೆಚ್ಚು ತಂಟೆಯಿಲ್ಲದ ಆಯ್ಕೆ. ಆದರೆ ಸ್ಟೀಲಿನಲ್ಲೂ ಜಾತಿಗಳಿವೆ. 304 ಎಂಬುದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. 18/8 ಎಂಬ ಮುದ್ರೆ ಅದರದೇ. 202 ಎಂಬುದರಲ್ಲಿ ನಿಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗ, ಆದರೆ ಉಪ್ಪು-ಹುಳಿಗೆ ಬೇಗ ಚುಕ್ಕೆ ಬೀಳುತ್ತದೆ. 430ರಲ್ಲಿ ನಿಕಲ್ ಇರುವುದೇ ಇಲ್ಲವೆನ್ನಬಹುದು. ಆಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲು ಎಂಬ ಅಂಗಡಿಯ ಮಾತು ಅರ್ಧಸತ್ಯ: 430ಕ್ಕೆ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ, ಆದರೆ 202ಕ್ಕೂ ಅಂಟುವುದಿಲ್ಲ. ಇಂಡಕ್ಷನ್ ಒಲೆಯ ಪಾತ್ರೆಗೆ ತಳದಲ್ಲಿ ಅಂಟಲೇಬೇಕು. ನಿಕಲ್ ಒಗ್ಗದೆ ಚರ್ಮ ತುರಿಸುವವರಿಗೆ 430 ಅನುಕೂಲ. ಹೊಸ ಪಾತ್ರೆಯಲ್ಲಿ ಮೊದಲ ಕೆಲವು ಸಲ ಲೋಹ ತುಸು ಹೆಚ್ಚು ಇಳಿಯುವುದರಿಂದ ನೀರಿಗೆ ಹುಣಸೆಹಣ್ಣು ಹಾಕಿ ಎರಡು ಮೂರು ಬಾರಿ ಕುದಿಸಿ ಚೆಲ್ಲುವುದು ಒಳ್ಳೆಯದು.

ದೋಸೆ ಕಾವಲಿಯ ವ್ಯಾಜ್ಯ

ನಾನ್‌ಸ್ಟಿಕ್ ಲೇಪವಾದ ಟೆಫ್ಲಾನ್ (ಪಿಟಿಎಫ್‌ಇ) 1938ರ ಏಪ್ರಿಲ್‌ನಲ್ಲಿ ಡುಪಾಂಟ್ ಕಂಪೆನಿಯ ರಾಯ್ ಪ್ಲಂಕೆಟ್ ಕೈಯಲ್ಲಿ ಅಕಸ್ಮಾತ್ತಾಗಿ ಹುಟ್ಟಿದ ಪದಾರ್ಥ. ಅದರ ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹೊರಬೀಳುತ್ತದೆ. ತಕರಾರು ಎರಡು. ಒಂದು, ಅದನ್ನು ತಯಾರಿಸುವಾಗ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ. ಮಣ್ಣಿನಲ್ಲೂ ರಕ್ತದಲ್ಲೂ ಬೇಗ ಕರಗಿಹೋಗದ ಅದನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಲಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ‘ಪಿಎಫ್‌ಒಎ ಮುಕ್ತ’ ಎಂಬ ಚೀಟಿಗೆ ಅರ್ಥ ಇಷ್ಟೆ: ಆ ಒಂದು ರಾಸಾಯನಿಕ ಇಲ್ಲ. ಅದರ ಬಳಗದ ಇನ್ನೊಂದು ಇಲ್ಲವೆಂದಲ್ಲ. ಅಮೆರಿಕದ ಮಿನೆಸೋಟ ರಾಜ್ಯ ಇಡೀ ಬಳಗವನ್ನೇ ಪಾತ್ರೆಗಳಿಂದ 2025ರ ಜನವರಿಯಿಂದ ನಿಷೇಧಿಸಿದೆ.

ಎರಡನೆಯದು ಶಾಖ. ತಯಾರಕರು ಸಾಮಾನ್ಯವಾಗಿ 260 ಡಿಗ್ರಿವರೆಗೆ ತೊಂದರೆಯಿಲ್ಲವೆನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿ 170 ಡಿಗ್ರಿ ದಾಟಿದರೆ ಅಪಾಯವೆಂದು ಹೆಚ್ಚು ಎಚ್ಚರಿಕೆಯ ಗೆರೆ ಎಳೆದಿದೆ. ದೋಸೆ ಗರಿಗರಿಯಾಗಬೇಕಾದರೆ ಕಾವಲಿ 200 ಡಿಗ್ರಿಯ ಆಸುಪಾಸಿಗೆ ಬರಬೇಕು. ಖಾಲಿ ಕಾವಲಿಯನ್ನು ದೊಡ್ಡ ಉರಿಯಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ತಯಾರಕರ ಗೆರೆಯೂ ದಾಟುತ್ತದೆ. ಆಗೇಳುವ ಹೊಗೆ ಮನೆಯ ಗಿಳಿಯನ್ನು ಕೊಲ್ಲಬಲ್ಲದು, ಮನುಷ್ಯರಿಗೆ ಜ್ವರದಂಥ ನಡುಕ ತರಬಲ್ಲದು. ಅಂಗಡಿಯ ‘ಗ್ರಾನೈಟ್’ ಬಾಣಲೆಗಳಲ್ಲಿ ಹಲವು ಕಲ್ಲಿನವಲ್ಲ, ಕಲ್ಲಿನ ಚುಕ್ಕೆ ಬಳಿದ ಅದೇ ಲೇಪದವು. ಲೇಪ ಎದ್ದ ಮೇಲೆ ಯಾವುದನ್ನೂ ಇಟ್ಟುಕೊಳ್ಳಬಾರದು.

ಮಸಾಲೆದೋಸೆಯ ಊರಿನಲ್ಲಿ ಈ ವ್ಯಾಜ್ಯಕ್ಕೆ ತೀರ್ಪು ಬಹಳ ಹಿಂದೆಯೇ ಆಗಿದೆ. ಹೋಟೆಲುಗಳ ಕಾವಲಿ ಕಬ್ಬಿಣದ್ದು. ಎಣ್ಣೆ ಸವರಿ ಕಾಯಿಸಿ ಕಾಯಿಸಿ ಪಳಗಿದ ಕಬ್ಬಿಣ ಯಾವ ರಾಸಾಯನಿಕವೂ ಇಲ್ಲದೆ ದೋಸೆಯನ್ನು ಬಿಟ್ಟುಕೊಡುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಸೊಪ್ಪು, ಪಲ್ಯ ಮಾಡಿದರೆ ಒಂದಿಷ್ಟು ಕಬ್ಬಿಣಾಂಶ ಊಟಕ್ಕೂ ಸೇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರಾಗಿರುವಾಗ ಇದು ಸಣ್ಣ ಲಾಭವಲ್ಲ. ಔಷಧಿಗೆ ಬದಲಿಯಂತೂ ಅಲ್ಲ. ತಲಸ್ಸೇಮಿಯಾದಂತೆ ದೇಹದಲ್ಲಿ ಕಬ್ಬಿಣ ಹೆಚ್ಚಾಗುವ ರೋಗವಿರುವವರು ವೈದ್ಯರನ್ನು ಕೇಳಬೇಕು. ಹುಣಸೆಹುಳಿಯನ್ನು ಇದರಲ್ಲಿ ಕುದಿಸಿದರೆ ಕಪ್ಪಾಗಿ ಲೋಹದ ರುಚಿ ಬರುತ್ತದೆ, ಪಳಗಿಸಿದ ಪದರವೂ ಹೋಗುತ್ತದೆ.

ಮಣ್ಣು, ಕಲ್ಲು, ಪ್ಲಾಸ್ಟಿಕ್

ಅದೇ ಮಾರ್ಗಸೂಚಿ ಮಣ್ಣಿನ ಪಾತ್ರೆಗೆ ಮೊದಲ ಮಣೆ ಹಾಕಿದೆ. ಯಾದವಗಿರಿಯಿಂದ ದೂರವಿಲ್ಲದ ಕುಂಬಾರಕೊಪ್ಪಲು ಹೆಸರಿನಲ್ಲೇ ಕುಂಬಾರರನ್ನು ಉಳಿಸಿಕೊಂಡಿದೆ. ಮಡಕೆ ಕೊಳ್ಳುವಾಗ ಗಾಜಿನಂತೆ ಹೊಳೆಯುವ ಮೆರುಗು ಅಥವಾ ಕೆಂಪು ಬಣ್ಣ ಬಳಿದದ್ದನ್ನು ಬಿಟ್ಟು, ಬೋಳುಮೈಯದನ್ನೇ ಆರಿಸಬೇಕು; ಅಗ್ಗದ ಮೆರುಗಿನಲ್ಲಿ ಸೀಸ ಇರುವುದು ಲೋಕಪ್ರಸಿದ್ಧ. ಬಳಪದ ಕಲ್ಲಿನ ಮರಿಗೆಯೂ ಹುಳಿ, ಉಪ್ಪಿನಕಾಯಿಗೆ ಜಗ್ಗದ ಪಾತ್ರೆ. ಹೊಯ್ಸಳರು ಸೋಮನಾಥಪುರದಲ್ಲಿ ಕಡೆದದ್ದೂ ಇದೇ ಬಳಗದ ಮೆದುಕಲ್ಲನ್ನು. ಹೊಸ ಮರಿಗೆಯನ್ನು ಒಮ್ಮೆಲೇ ಉರಿಯ ಮೇಲಿಟ್ಟರೆ ಸೀಳುತ್ತದೆ. ಹಲವು ದಿನ ಅಕ್ಕಿ ತೊಳೆದ ನೀರು, ಗಂಜಿ ಹಾಕಿಟ್ಟು, ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮೆಲ್ಲಗೆ ಪಳಗಿಸಬೇಕು.

ಪ್ಲಾಸ್ಟಿಕ್ಕಿನ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ತಪಾಸಣೆ ನಡೆಸಿದಾಗ 50ಕ್ಕೂ ಹೆಚ್ಚು ಹೋಟೆಲುಗಳಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಕಂಡುಬಂದು, ಸರ್ಕಾರ ಅದನ್ನು ನಿಷೇಧಿಸುವ ಕ್ರಮಕ್ಕೆ ಮುಂದಾಯಿತು. ಕೊತಕೊತ ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಸಿಕೊಂಡು ತರುವವರು ಸ್ಟೀಲಿನ ಡಬ್ಬಿ ಒಯ್ಯಬಹುದು.

ಗುರುತು, ಪರೀಕ್ಷೆ

ಸ್ಟೀಲು ಮತ್ತು ಅಲ್ಯೂಮಿನಿಯಂ ಅಡುಗೆ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಹೊರಡಿಸಿತು. ಮನೆಬಳಕೆಯ ಪ್ರೆಷರ್ ಕುಕ್ಕರುಗಳಿಗೆ ಅದು 2021ರ ಫೆಬ್ರುವರಿಯಿಂದಲೇ ಕಡ್ಡಾಯ. ಗುರುತಿನ ಜೊತೆಗೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬಾರದಿದ್ದರೆ ಗುರುತು ಸುಳ್ಳು. ಹಿತ್ತಾಳೆ, ತಾಮ್ರ, ಈಯದ ಚೊಂಬು, ಕಲಾಯಿಗಳು ಈ ಆದೇಶದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಗಿರಾಕಿಗೆ ಉಳಿದಿರುವುದು ಬಿಲ್ಲಿನ ಮೇಲೆ ಲೋಹದ ಹೆಸರು ಬರೆಸಿಕೊಳ್ಳುವುದು ಮತ್ತು ಕಲಾಯಿಯವರು ಬಳಸುವ ಕಡ್ಡಿಯನ್ನು ಕೇಳಿ ನೋಡುವುದು. ಸಾಧ್ಯವಾದರೆ ತವರವನ್ನು ತಾವೇ ಕೊಂಡು ಕೊಡಬಹುದು.

ಸಂಶಯದ ಪಾತ್ರೆಯಲ್ಲಿ ಬಹುಕಾಲ ಅಡುಗೆ ಮಾಡಿದ್ದರೆ ಪಾತ್ರೆಯ ಪರೀಕ್ಷೆಗಿಂತ ಮನೆಯ ಮಕ್ಕಳ ಮತ್ತು ಗರ್ಭಿಣಿಯರ ರಕ್ತಪರೀಕ್ಷೆ ಮೊದಲು. ದೊಡ್ಡ ಆಸ್ಪತ್ರೆಗಳ ಹಾಗೂ ಖಾಸಗಿ ಪ್ರಯೋಗಾಲಯಗಳ ಮೂಲಕ ರಕ್ತದ ಸೀಸದ ಪರೀಕ್ಷೆ ಮಾಡಿಸಬಹುದು. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲವನ್ನು ಹುಡುಕಿ ನಿವಾರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಆ ಹುಡುಕಾಟಕ್ಕೆಂದು ಸಂಶಯದ ಪಾತ್ರೆಯನ್ನು ಗುಜರಿಗೆ ಹಾಕದೆ ಬೇರೆ ಎತ್ತಿಡಬೇಕು. ಗುಜರಿಗೆ ಹೋದದ್ದು ಕರಗಿ ಇನ್ನೊಂದು ಮನೆಯ ಪಾತ್ರೆಯಾಗಿ ಮರಳಬಹುದು.